ಲಂಗೋಟಿಗೊಂದು ಬೆಕ್ಕು, ಕಾರ್ಡಿಗೊಂದು ಎಸ್‌ಎಂಪಿಎಸ್

2025ರ ದಸರಾ ರಜೆ ಹತ್ತಿರ ಬಂದಾಗ ತುಮಕೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಸಿಸ್ಟಮ್ ಸಿಕ್ಕಾಪಟ್ಟೆ ಲ್ಯಾಗ್ ಹೊಡೀತಿದೆ. ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಲಿ ಹೇಳು." ಹೊಟ್ಟೆನೋವು ಎಂದು ಬಂದವನು ನಾಡಿ ಹಿಡಿಯುವ ಮೊದಲೇ ಮಾತ್ರೆಯ ಹೆಸರು ಕೇಳಿದಂತಿತ್ತು. ಅವನನ್ನು ದೂರಿ ಪ್ರಯೋಜನವಿಲ್ಲ. ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಏನು ಹಾಕಿಸಬೇಕು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಮೊದಲು ಕಾರ್ಡ್ ಬದಲಿಸು, ಮಿಕ್ಕಿದ್ದು ಆಮೇಲೆ ನೋಡೋಣ. ಆ ಉತ್ತರ ಒಂದು ಕಾಲಕ್ಕೆ ಪೂರ್ತಿ ಸರಿಯಿತ್ತು. ಈಗ ಅರ್ಧ ಸರಿ. ಮಿಕ್ಕ ಅರ್ಧದಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ತೊಡಕು ಶುರುವಾಗುವುದೇ "ಲ್ಯಾಗ್" ಎಂಬ ಪದದಿಂದ. ನಮ್ಮ ಹುಡುಗರು ನಾಲ್ಕು ಬೇರೆ ಬೇರೆ ಕಾಯಿಲೆಗೆ ಇದೊಂದೇ ಹೆಸರಿಟ್ಟಿದ್ದಾರೆ. ಗುಂಡು ಹಾರಿಸಿ ಒಂದು ಗಳಿಗೆ ಕಳೆದ ಮೇಲೆ ಎದುರಾಳಿಗೆ ತಾಗಿದರೆ ಅದು ಇಂಟರ್ನೆಟ್ಟಿನ ಪಿಂಗ್. ಅದಕ್ಕೆ ನಲವತ್ತು ಸಾವಿರದ ಕಾರ್ಡ್ ಹಾಕಿಸಿದರೂ ಏನೂ ಆಗದು. ವೈಫೈ ಬಿಟ್ಟು ರೌಟರಿನಿಂದ ಕೇಬಲ್ ಎಳೆದರೆ ಎಷ್ಟೋ ವಾಸಿ. ಆಟ ಉದ್ದಕ್ಕೂ ಒಂದೇ ಸಮನೆ ಭಾರವಾಗಿ ನಡೆದರೆ ಫ್ರೇಮ್ ಸಾಲದು ಎಂದರ್ಥ. ಸರಾಸರಿ ಚೆನ್ನಾಗಿದ್ದೂ ಪೇಟೆಯೊಳಗೆ ಗಾಡಿ ಓಡಿಸುವಾಗ, ಹತ್ತಾರು ಜನ ಒಟ್ಟಿಗೆ ಬಂದಾಗ ತಟ್ಟನೆ ಮುಗ್ಗರಿಸಿ ಮತ್ತೆ ಓಡಿದರೆ ಅದು ಸಾಮಾನ್ಯವಾಗಿ ಪ್ರೊಸೆಸರ್ ಇಲ್ಲವೇ ರ‍್ಯಾಮ್‌ನ ಕೊರತೆ. ಹೊಸ ಜಾಗಕ್ಕೆ ಕಾಲಿಟ್ಟಾಗ ಗೋಡೆ, ರಸ್ತೆಗಳು ಮಸುಕಾಗಿ ಕಂಡು ಆಮೇಲೆ ನಿಧಾನಕ್ಕೆ ಮೂಡಿದರೆ ಡಿಸ್ಕನ್ನೋ ಕಾರ್ಡಿನ ಮೆಮೊರಿಯನ್ನೋ ಅನುಮಾನಿಸಬೇಕು. "ನಿಂದು ಯಾವ ಲ್ಯಾಗು?" ಎಂದು ಕೇಳಿದೆ. "ಎಲ್ಲಾನೂ" ಎಂದ.

ಆ ಮಶೀನನ್ನು 2018ರ ಅಕ್ಟೋಬರಿನಲ್ಲಿ, ಅವನು ಏಳನೇ ಕ್ಲಾಸಿನಲ್ಲಿದ್ದಾಗ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗಿ ನಾನೇ ಅಸೆಂಬಲ್ ಮಾಡಿಸಿದ್ದು. ಎಎಂಡಿಯ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಎನ್‌ವಿಡಿಯಾದ 6 ಜಿಬಿ ಜಿಟಿಎಕ್ಸ್ 1060 ಕಾರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ಟಿನ ಜೊತೆಗೇ ಬಂದ ಕರೆಂಟ್ ಹಂಚುವ 450 ವ್ಯಾಟ್ ಎಸ್‌ಎಂಪಿಎಸ್, 60 ಹರ್ಟ್ಸಿನ 1080ಪಿ ಮಾನಿಟರ್. ಆ ಹೊತ್ತಿಗೆ ಮಧ್ಯಮ ವರ್ಗದ ಮನೆಯ ಗೇಮಿಂಗ್ ಪಿಸಿ ಎಂದರೆ ಹೆಚ್ಚುಕಡಿಮೆ ಇದೇ. ಜಗತ್ತಿನ ಲೆಕ್ಕವೂ ಹಾಗೇ ಇತ್ತು: ಆಟ ಮಾರುವ ತಾಣ ಸ್ಟೀಮ್ ನಡೆಸುವ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಈ 1060 ಕಾರ್ಡ್ 2022ರ ಕೊನೆಯ ತನಕ ವರ್ಷಗಟ್ಟಲೆ ಮೊದಲ ಜಾಗದಲ್ಲಿ ಕೂತಿತ್ತು. ಹಾಗಾಗಿ ಇವನ ಕಂಪ್ಯೂಟರಿನ ಕಥೆ ಇವನೊಬ್ಬನದೇ ಅಲ್ಲ.

ಯಾವ ಭಾಗ ಬದಲಿಸಬೇಕು ಎಂದು ತಿಳಿಯಲು ಒಂದು ಫ್ರೇಮ್ ಹೇಗೆ ತಯಾರಾಗುತ್ತದೆ ಎಂದು ತಿಳಿದಿರಬೇಕು. ಮದುವೆಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಒಳಗೆ ಅಡುಗೆ ಭಟ್ಟರು, ಹೊರಗೆ ಬಡಿಸುವವರು. ಪ್ರೊಸೆಸರ್ ಭಟ್ಟರ ಜಾಗದಲ್ಲಿದೆ: ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎತ್ತ ಹೋಯಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಇಷ್ಟನ್ನೂ ಲೆಕ್ಕ ಹಾಕಿ ಬಕೆಟ್ಟಿಗೆ ತುಂಬಿ ಕೊಡುತ್ತದೆ. ಕಾರ್ಡ್ ಅದನ್ನು ಎಲೆ ಎಲೆಗೂ, ಅಂದರೆ ಪರದೆಯ ಒಂದೊಂದು ಪಿಕ್ಸೆಲ್ಲಿಗೂ, ಬಡಿಸುತ್ತದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಎಲೆ. 1440ಪಿ ಆದರೆ 36.9 ಲಕ್ಷ, 4ಕೆ ಆದರೆ 82.9 ಲಕ್ಷ. ಎಲೆ ಹೆಚ್ಚಾದಷ್ಟೂ ಬಡಿಸುವವರಿಗೆ ಕಷ್ಟ. ಭಟ್ಟರ ಒಲೆಯ ಕೆಲಸ ಮಾತ್ರ ಅಷ್ಟಾಗಿ ಬದಲಾಗದು.

ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಪಂಕ್ತಿಯ ವೇಗ. ಒಂದು ಆಟದಲ್ಲಿ ಪ್ರತಿ ಫ್ರೇಮಿಗೆ ಪ್ರೊಸೆಸರ್ 14 ಮಿಲಿಸೆಕೆಂಡ್, ಕಾರ್ಡ್ 22 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನಿ. ಸೆಕೆಂಡಿಗೆ 45 ಫ್ರೇಮ್ ಬರುತ್ತದೆ. ಎರಡು ಪಟ್ಟು ವೇಗದ ಕಾರ್ಡ್ ತಂದಿರಿ, ಅದು 11 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. 90 ಫ್ರೇಮ್ ಬರಬೇಕಿತ್ತಲ್ಲ? ಬರುವುದು 71. ಏಕೆಂದರೆ ಈಗ ಪ್ರೊಸೆಸರಿನ 14 ಮಿಲಿಸೆಕೆಂಡ್ ಅಡ್ಡ ನಿಂತಿದೆ. ಮೂರು ಪಟ್ಟು ವೇಗದ ಕಾರ್ಡ್ ತಂದರೂ ಅದೇ 71. ಬಡಿಸುವವರು ಖಾಲಿ ಬಕೆಟ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾರೆ, ನೀವು ಅವರ ಕೂಲಿ ಕೊಟ್ಟಾಗಿರುತ್ತದೆ.

ಹಾಗಿದ್ದ ಮೇಲೆ "ಕಾರ್ಡ್ ಮೊದಲು" ಎಂಬ ಮಾತು ಅಷ್ಟು ವರ್ಷ ಹೇಗೆ ನಡೆಯಿತು? ಅದಕ್ಕೆ ಕಾರಣ ನಮ್ಮ ಮನೆಯ ಕಂಪ್ಯೂಟರಿನಲ್ಲಿಲ್ಲ, ಟಿವಿಯ ಕೆಳಗಿಡುವ ಕನ್ಸೋಲಿನಲ್ಲಿದೆ. ದೊಡ್ಡ ಬಂಡವಾಳದ ಆಟಗಳನ್ನು ಹೆಚ್ಚಾಗಿ ಕನ್ಸೋಲನ್ನು ಕಣ್ಣೆದುರು ಇಟ್ಟುಕೊಂಡೇ ಕಟ್ಟುತ್ತಾರೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ಎಂಟು ಕೋರ್ ಇದ್ದವು, ಆದರೆ ಬಡಕಲು ಕೋರ್‌ಗಳು, ವೇಗ 1.6 ಗಿಗಾಹರ್ಟ್ಸ್. ಒಳಗೆ ಸಾದಾ ಹಾರ್ಡ್‌ಡಿಸ್ಕ್. ಅದರ ಕೈಯಲ್ಲಿ ಆಗುವಷ್ಟೇ ಕೆಲಸವನ್ನು ಆಟಗಳು ಪ್ರೊಸೆಸರಿಗೆ ಕೊಡುತ್ತಿದ್ದವು. 2011ರಲ್ಲಿ ಇಂಟೆಲ್‌ನ ಐ5 2500ಕೆ ಕೊಂಡವರು ಆರೇಳು ವರ್ಷ ಕಾರ್ಡ್ ಮಾತ್ರ ಬದಲಿಸುತ್ತಾ ನೆಮ್ಮದಿಯಾಗಿದ್ದುದು ಇದರಿಂದ. ಇಂಟೆಲ್ ಕೂಡ ಆ ಕಾಲದಲ್ಲಿ ವರ್ಷ ವರ್ಷ ಅದೇ ನಾಲ್ಕು ಕೋರಿಗೆ ಹೊಸ ಡಬ್ಬಿ ಹಾಕುತ್ತಿತ್ತು.

2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದವು. ಒಳಗೆ ಎಂಟು ಗಟ್ಟಿ ಕೋರ್, 16 ಜಿಬಿ ಮೆಮೊರಿ, ಸೆಕೆಂಡಿಗೆ ಗಿಗಾಬೈಟುಗಳಷ್ಟು ಓದುವ ಎಸ್‌ಎಸ್‌ಡಿ. ಒಂದೆರಡು ವರ್ಷ ಆಟಗಳು ಹಳೆಯ ಕನ್ಸೋಲಿಗೂ ಹೊಸದಕ್ಕೂ ಒಟ್ಟಿಗೆ ಬಂದವು, ನಮಗೆ ಬಿಸಿ ತಟ್ಟಲಿಲ್ಲ. ತಟ್ಟಿದ್ದು 2023ರಲ್ಲಿ. ಆ ಮಾರ್ಚಿನಲ್ಲಿ ಪಿಸಿಗೆ ಬಂದ "ದಿ ಲಾಸ್ಟ್ ಆಫ್ ಅಸ್" ಮೊದಲ ವಾರಗಳಲ್ಲಿ 8 ಜಿಬಿ ಕಾರ್ಡುಗಳನ್ನೇ ಏದುಸಿರು ಬಿಡಿಸಿತು. ಸೆಪ್ಟೆಂಬರಿನ "ಸ್ಟಾರ್‌ಫೀಲ್ಡ್" ಎಸ್‌ಎಸ್‌ಡಿ ಕಡ್ಡಾಯ ಎಂದಿತು. ಅದೇ ತಿಂಗಳು "ಸೈಬರ್‌ಪಂಕ್ 2077" ತನ್ನ ಕನಿಷ್ಠ ಅಗತ್ಯದ ಪಟ್ಟಿಯಿಂದ ಹಾರ್ಡ್‌ಡಿಸ್ಕನ್ನು ತೆಗೆದುಹಾಕಿತು. ಕಂಪ್ಯೂಟರಿಗೆ ವಯಸ್ಸು ದಿನದಿನಕ್ಕೆ ಏರುವುದಿಲ್ಲ. ಕನ್ಸೋಲಿನ ತಲೆಮಾರು ಬದಲಾದಾಗ ಒಮ್ಮೆಲೇ ಹತ್ತು ವರ್ಷ ಏರಿಬಿಡುತ್ತದೆ.

ಇನ್ನೊಂದು ಬಗೆಯ ಮುಪ್ಪಿದೆ, ಅದಕ್ಕೆ ವೇಗದ ಹಂಗೇ ಇಲ್ಲ. ಬಾಗಿಲು ಮುಚ್ಚುವ ಮುಪ್ಪು ಅದು. 2024ರ ಡಿಸೆಂಬರಿನ "ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್", 2025ರ ಮೇ ತಿಂಗಳ "ಡೂಮ್: ದಿ ಡಾರ್ಕ್ ಏಜಸ್" ಆಟಗಳು ಬೆಳಕಿನ ಹಾದಿ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರುವ ಕಾರ್ಡನ್ನೇ ಕೇಳುತ್ತವೆ. ಜಿಟಿಎಕ್ಸ್ 1060ರಲ್ಲಿ ಅದಿಲ್ಲ, ಸೆಟ್ಟಿಂಗ್ ಎಷ್ಟು ಇಳಿಸಿದರೂ ಬರುವುದಿಲ್ಲ. ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸುವುದಾಗಿ ಎನ್‌ವಿಡಿಯಾ ಹೇಳಿತು; ಭದ್ರತೆಯ ತೇಪೆ ಮಾತ್ರ 2028ರ ಅಕ್ಟೋಬರ್ ತನಕ. ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು, ರೈಜನ್ ಆದರೆ 2000 ಸರಣಿ, ಅದರಿಂದ ಮೇಲಿನದು ಬೇಕು. ನಮ್ಮ 2600 ಹೊಸ್ತಿಲ ಮೇಲೆ ನಿಂತು ಒಳಗೆ ಸೇರಿಕೊಂಡಿದೆ. ಅದರ ಹಿಂದಿನ ವರ್ಷದ 1600 ಹೊರಗುಳಿಯಿತು.

ರಜೆಯಲ್ಲಿ ತುಮಕೂರಿಗೆ ಹೋದೆ. ಮೊದಲು ಅಳತೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಆಡುವಾಗಲೇ ಪರದೆಯ ಮೂಲೆಯಲ್ಲಿ ಕಾರ್ಡ್ ಎಷ್ಟು ದುಡಿಯುತ್ತಿದೆ, ಪ್ರೊಸೆಸರ್ ಎಷ್ಟು, ರ‍್ಯಾಮ್ ಎಷ್ಟು ತುಂಬಿದೆ, ಎಷ್ಟು ಬಿಸಿಯಾಗಿದೆ ಎಂದು ಕಾಣುತ್ತದೆ. ಕಾರ್ಡ್ ಶೇ. 95ರ ಮೇಲೆಯೇ ನಿಂತಿದ್ದರೆ ಅಡ್ಡಿ ಕಾರ್ಡಿನದು. 60, 70ರಲ್ಲಿ ತೂಗಾಡುತ್ತಿದ್ದರೆ, ಫ್ರೇಮಿಗೆ ಬೇರೆ ಮಿತಿಯನ್ನೂ ಹಾಕಿಲ್ಲದಿದ್ದರೆ, ಅದು ಯಾರನ್ನೋ ಕಾಯುತ್ತಿದೆ. ಗಮನಿಸಬೇಕಾದ ಒಂದು ಮೋಸವಿದೆ: ಪ್ರೊಸೆಸರ್ ಒಟ್ಟು ಶೇ. 40 ಎಂದು ತೋರಿಸಿದ ಮಾತ್ರಕ್ಕೆ ಅದು ಆರಾಮಾಗಿದೆ ಎಂದಲ್ಲ. ಒಂದು ಕೋರ್ ಜೀವ ಬಿಡುತ್ತಾ ಮಿಕ್ಕವು ಕೈಕಟ್ಟಿ ಕೂತಿದ್ದರೂ ಸರಾಸರಿ ಅಷ್ಟೇ ಬರುತ್ತದೆ. ಅನುಮಾನವಿದ್ದರೆ ಎಲೆ ಕಡಿಮೆ ಮಾಡಿ ನೋಡುವುದು: 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ ಏರಿದರೆ ಕಾರ್ಡ್. ಇದ್ದಲ್ಲೇ ಇದ್ದರೆ ಪ್ರೊಸೆಸರ್. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಅಂಗಡಿಯವನು ಹೇಳಿಕೊಡುವುದಿಲ್ಲ.

ಅವನದರಲ್ಲಿ ಎರಡು ಬೇರೆ ಫಲಿತಾಂಶ ಬಂತು. "ಸೈಬರ್‌ಪಂಕ್"ನಲ್ಲಿ ಕಾರ್ಡ್ 98ರಿಂದ ಇಳಿಯಲೇ ಇಲ್ಲ. "ಕೌಂಟರ್ ಸ್ಟ್ರೈಕ್ 2"ರಲ್ಲಿ ಅದೇ ಕಾರ್ಡ್ ಅರ್ಧ ನಿದ್ದೆಯಲ್ಲಿತ್ತು, ಪ್ರೊಸೆಸರ್ ಒದ್ದಾಡುತ್ತಿತ್ತು. ಒಂದೇ ಮಶೀನು, ಆಟಕ್ಕೊಂದು ಕಾಯಿಲೆ. ಆದ್ದರಿಂದ "ನನ್ನ ಪಿಸಿಗೆ ಏನು ಹಾಕಿಸಲಿ" ಎಂಬ ಪ್ರಶ್ನೆಗೆ "ಏನು ಆಡ್ತೀಯ" ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ.

ಅಷ್ಟರಲ್ಲಿ ಪಕ್ಕದ ಬೀದಿಯ ಅವನ ಗೆಳೆಯನೂ ತನ್ನ ಕ್ಯಾಬಿನೆಟ್ ಹೊತ್ತುಕೊಂಡು ಬಂದ. ಐ5 7400, ಜೊತೆಗೆ 4 ಜಿಬಿಯ ಜಿಟಿಎಕ್ಸ್ 1050 ಟಿಐ. "ಅಂಕಲ್, ಮುಂಚೆ ಚೆನ್ನಾಗಿ ಓಡ್ತಿತ್ತು, ಈ ನಡುವೆ ಏನಾಯ್ತೋ ಗೊತ್ತಿಲ್ಲ." ಅವನು ಮಾನಿಟರ್ ಹೇಗೆ ಸಿಕ್ಕಿಸುತ್ತಾನೆ ಎಂದು ನೋಡುತ್ತಾ ನಿಂತೆ. ಕೇಬಲನ್ನು ಕಾರ್ಡಿಗೆ ಹಾಕದೆ ಮೇಲಿದ್ದ ಮದರ್‌ಬೋರ್ಡಿನ ತೂತಿಗೆ ಹಾಕಿದ. ಮನೆಗೆ ಸುಣ್ಣ ಹೊಡೆಸಿದಾಗ ಬಿಚ್ಚಿ ಮತ್ತೆ ಜೋಡಿಸಿದ್ದನಂತೆ. ಅಂದಿನಿಂದ ಏಳೆಂಟು ತಿಂಗಳು ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸಿನಲ್ಲೇ ಆಡಿದ್ದಾನೆ, ಕಾರ್ಡ್ ಫ್ಯಾನ್ ತಿರುಗಿಸುತ್ತಾ ಸುಮ್ಮನೆ ಕೂತಿದೆ. ಕೇಬಲ್ ನಾಲ್ಕು ಇಂಚು ಕೆಳಗೆ ಬಂತು, ಮೂರು ಪಟ್ಟು ಫ್ರೇಮ್ ಬಂತು.

ನಗುವ ವಿಷಯವೇನಲ್ಲ. ಹಳೆಯ ಕಂಪ್ಯೂಟರಿನಲ್ಲಿ ಖರ್ಚಿಲ್ಲದೆ ಸಿಗುವುದು ಇನ್ನೂ ಬಹಳ ಇರುತ್ತದೆ. ಅಕ್ಕನ ಮಗನ ಪ್ರೊಸೆಸರ್ 90 ಡಿಗ್ರಿ ದಾಟುತ್ತಿತ್ತು. ಪಕ್ಕದ ಬಾಗಿಲು ತೆಗೆದರೆ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೆಂಧೂಳು. ಅಕ್ಕ ಎರಡು ಸಲ ಇಣುಕಿ, "ಇದನ್ನ ಒಳಗೆ ಯಾಕೋ ತೆಗ್ದೆ, ಹಿತ್ತಲಿಗೆ ತಗೊಂಡೋಗು" ಎಂದಳು. ಹಿತ್ತಲಲ್ಲಿ ಬ್ಲೋವರ್ ಹಿಡಿದು, ಫ್ಯಾನ್ ತಿರುಗದಂತೆ ಬೆರಳಿಟ್ಟು ಊದಿಸಿದೆವು. ಚಿಪ್ಪಿಗೂ ಕೂಲರಿಗೂ ನಡುವಿನ ಏಳು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಹೊಸದು ಬಟಾಣಿ ಕಾಳಿನಷ್ಟು ಹಾಕಿದ ಮೇಲೆ ಬಿಸಿ 72ಕ್ಕೆ ಇಳಿಯಿತು. ರ‍್ಯಾಮ್‌ನ ಮೇಲೆ 3000 ಎಂದು ಬರೆದಿತ್ತು, ಓಡುತ್ತಿದ್ದುದು 2133ರಲ್ಲಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಒಂದು ಆಯ್ಕೆಯನ್ನು ಯಾರೂ ಒತ್ತಿರಲಿಲ್ಲ. ಅಸೆಂಬಲ್ ಮಾಡಿಸಿದವನು ನಾನೇ ಆದ್ದರಿಂದ ಈ ತಪ್ಪನ್ನು ಯಾರ ತಲೆಗೂ ಕಟ್ಟುವಂತಿರಲಿಲ್ಲ. ಇನ್ನು ಎಎಂಡಿಯ ಎಫ್‌ಎಸ್‌ಆರ್: ಚಿತ್ರವನ್ನು ಸಣ್ಣದಾಗಿ ಬರೆದು ಹಿಗ್ಗಿಸಿ ತೋರಿಸುವ ಈ ತಂತ್ರ ಎನ್‌ವಿಡಿಯಾದ ಹಳೆಯ ಕಾರ್ಡುಗಳಲ್ಲೂ ನಡೆಯುತ್ತದೆ. ಕೊಂಚ ಮಸುಕು ಸಹಿಸಿಕೊಂಡರೆ ಒಂದು ವರ್ಷ ತಳ್ಳಬಹುದು.

ದುಡ್ಡು ಹಾಕುವುದೇ ಆದರೆ ನನ್ನ ಲೆಕ್ಕದಲ್ಲಿ ಮೊದಲ ಸಾವಿರ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ. ಫ್ರೇಮಿನ ಸಂಖ್ಯೆ ಎದ್ದು ಕಾಣುವಂತೆ ಏರದಿದ್ದರೂ ಮುಗ್ಗರಿಕೆ ನಿಲ್ಲುತ್ತದೆ, ಕಣ್ಣಿಗೆ ಬೇಕಾದದ್ದು ಅದೇ. 8 ಜಿಬಿ ಈಗ ವಿಂಡೋಸ್ ಮತ್ತು ಬ್ರೌಸರಿಗೇ ಸಾಲದು. ಇದ್ದ ಒಂದರ ಜೊತೆಗೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿದರೆ ಎರಡು ಲಾಭ: ಅಳತೆ ದುಪ್ಪಟ್ಟು, ದಾರಿಯೂ ಎರಡು. ಒಂಟಿ ರ‍್ಯಾಮ್ ಎಂದರೆ ಒಂದೇ ಬಾಗಿಲಿನ ಬಸ್ಸು. ಹಳೆಯ ರೈಜನ್‌ಗಳು ಇದರಿಂದ ಹೆಚ್ಚು ಬಳಲುತ್ತವೆ. ಎಸ್‌ಎಸ್‌ಡಿ ವಿಷಯದಲ್ಲಿ ಗೊಂದಲ ಬೇಡ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಐನೂರರ ಮೇಲೆ, ಎನ್‌ವಿಎಂಇ ಮೂರು ಸಾವಿರದ ಮೇಲೆ ಓದುತ್ತದೆ. ಮೊದಲ ಜಿಗಿತ ಮನೆಮಂದಿಗೆಲ್ಲ ತಿಳಿಯುತ್ತದೆ. ಎರಡನೆಯದು ಬಹುತೇಕ ಆಟಗಳಲ್ಲಿ ಕೈಗಡಿಯಾರ ಹಿಡಿದು ನೋಡಿದರಷ್ಟೇ ತಿಳಿದೀತು.

ಪ್ರೊಸೆಸರಿನ ವಿಷಯಕ್ಕೆ ಬಂದರೆ ಈ ಇಬ್ಬರು ಹುಡುಗರ ಹಣೆಬರಹ ಬೇರೆಯಾಗುತ್ತದೆ. ಅದನ್ನು ಬರೆದದ್ದು ಮದರ್‌ಬೋರ್ಡಿನ ಸಾಕೆಟ್. 2018ರಲ್ಲಿ ಇಬ್ಬರದೂ ಹೆಚ್ಚುಕಡಿಮೆ ಸಮಸಮ ಎನಿಸುತ್ತಿತ್ತು. ಆದರೆ ಇಂಟೆಲ್ 2017ರ ಜನವರಿಯಲ್ಲಿ ಐ5 7400 ತಂದು, ಅದೇ ಅಕ್ಟೋಬರಿನಲ್ಲಿ ಆರು ಕೋರಿನ ಐ5 8400 ತಂದಾಗ ಸಾಕೆಟ್ಟಿನ ಹೆಸರು ಅದೇ ಇಟ್ಟು ಬೋರ್ಡ್ ಮಾತ್ರ ಹೊಸದು ಬೇಕೆಂದಿತು. ಗೆಳೆಯನ ಬೋರ್ಡಿಗೆ ಹತ್ತುವ ದೊಡ್ಡ ಚಿಪ್ ಎಂದರೆ ಐ7 7700ಕೆ, ಅದಕ್ಕೂ ನಾಲ್ಕೇ ಕೋರ್. ಬೇರೆ ದಾರಿಯಿಲ್ಲದ ಜನ ಅದನ್ನೇ ಹುಡುಕುವುದರಿಂದ ಹಳೆಯ ಮಾಲಿನಲ್ಲೂ ಅದರ ಬೆಲೆ ಯೋಗ್ಯತೆ ಮೀರಿ ನಿಂತಿದೆ. ಅಲ್ಲಿಗೆ ದುಡ್ಡು ಸುರಿಯಬೇಡ ಎಂದು ಅವನಿಗೆ ಖಂಡಿತವಾಗಿ ಹೇಳಿದೆ.

ಎಎಂಡಿಯ ಎಎಂ4 ಸಾಕೆಟ್ ಬೇರೆ ಕಥೆ. 2018ರ ಬಿ450 ಬೋರ್ಡಿಗೆ 2022ರಲ್ಲಿ ಬಂದ ರೈಜನ್ 5 5600 ಕೂರುತ್ತದೆ. ಅದೇ ವರ್ಷದ 5800ಎಕ್ಸ್3ಡಿ ಕೂಡ; ಚಿಪ್ಪಿನ ಮೇಲೆ ಇನ್ನೊಂದು ಅಂತಸ್ತು ಕಟ್ಟಿ 96 ಎಂಬಿ ಎಲ್3 ಕ್ಯಾಶ್ ತುಂಬಿದ ಅದು ಆಟಗಳಿಗೆಂದೇ ಹುಟ್ಟಿದ್ದು, ಬೆಲೆಯೂ ಹಾಗೇ. ನಮಗೆ 5600 ಸಾಕಿತ್ತು. ಮಾಡಬೇಕಾದ ಕ್ರಮ ಮಾತ್ರ ನೆನಪಿರಲಿ: ಹಳೆಯ ಚಿಪ್ ಒಳಗಿರುವಾಗಲೇ ಬಯೋಸ್ ಹೊಸದು ಮಾಡಬೇಕು. ಮೊದಲೇ ಚಿಪ್ ಬದಲಿಸಿದರೆ ಬೋರ್ಡಿಗೆ ಹೊಸಬನ ಗುರುತು ಸಿಗದೆ ಕಪ್ಪು ಪರದೆ ತೋರಿಸುತ್ತದೆ. ಬಯೋಸ್ ಬರೆಯುವ ನಾಲ್ಕೈದು ನಿಮಿಷ ಕರೆಂಟ್ ಹೋಗಬಾರದು. ಸಂಜೆ ಏಳು ಗಂಟೆ, ಆಯುಧಪೂಜೆಯ ಮರುದಿನ, ಬೀದಿಯೆಲ್ಲ ಸೀರಿಯಲ್ ಲೈಟು. ಯುಪಿಎಸ್ ಇದ್ದರೂ ಇಬ್ಬರೂ ಉಸಿರು ಬಿಗಿಹಿಡಿದು ಪರದೆಯ ಶೇಕಡಾವಾರು ಎಣಿಸುತ್ತಾ ಕೂತೆವು.

ಕೂಲರ್ ಕೀಳುವಾಗಿನ ಒಂದು ಎಚ್ಚರಿಕೆ, ನಾನು ದಂಡ ತೆತ್ತು ಕಲಿತದ್ದು. ಎಎಂ4 ಚಿಪ್ಪಿನ ಅಡಿಯಲ್ಲಿ 1331 ಸೂಜಿಗಳಿವೆ. ಪೇಸ್ಟ್ ಒಣಗಿದ್ದಾಗ ಕೂಲರನ್ನು ನೆಟ್ಟಗೆ ಮೇಲೆತ್ತಿದರೆ, ಬೀಗ ಹಾಕಿದ್ದರೂ ಚಿಪ್ ಅದಕ್ಕೆ ಅಂಟಿಕೊಂಡು ಹಲ್ಲು ಕಿತ್ತಂತೆ ಕಿತ್ತು ಬರುತ್ತದೆ. ನನ್ನದೇ ಕಂಪ್ಯೂಟರಿನಲ್ಲಿ ಹಾಗೆ ಆಗಿ ಒಂದು ಮೂಲೆಯ ಆರು ಸೂಜಿ ಮಲಗಿಬಿಟ್ಟಿದ್ದವು. ಕ್ಲಚ್ ಪೆನ್ಸಿಲಿನ ಕಡ್ಡಿ ತೆಗೆದು, ಆ ತೂತನ್ನು ಒಂದೊಂದು ಸೂಜಿಗೂ ತೊಡಿಸಿ, ಭಾನುವಾರ ಪೂರ್ತಿ ನೆಟ್ಟಗೆ ನಿಲ್ಲಿಸಿದೆ. ಅಂದಿನಿಂದ ಮೊದಲು ಹತ್ತು ನಿಮಿಷ ಆಟ ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುವಿ ಬಿಡಿಸುತ್ತೇನೆ.

ಇನ್ನು ಕಾರ್ಡ್. ಇಲ್ಲಿ ಜನ ಹೆಸರಿನ ಮುಂದಿನ ಅಂಕಿ ನೋಡುತ್ತಾರೆ. ನೋಡಬೇಕಾದ್ದು ಮೆಮೊರಿ ಎಷ್ಟು, ಮದರ್‌ಬೋರ್ಡಿಗೆ ಎಷ್ಟು ಓಣಿ (ಲೇನ್) ಎಂಬುದು. ಎಎಂಡಿ 2022ರ ಜನವರಿಯಲ್ಲಿ ತಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ 4 ಜಿಬಿ ಮೆಮೊರಿ, ನಾಲ್ಕೇ ಓಣಿ. ಪಿಸಿಐ ಎಕ್ಸ್‌ಪ್ರೆಸ್ 4 ಇರುವ ಹೊಸ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಬಿ450ಯಂಥ 3ನೇ ಪೀಳಿಗೆಯ ಬೋರ್ಡಿನಲ್ಲಿ ಮೆಮೊರಿ ತುಂಬಿ ಆ ಓಣಿಗೆ ಗಾಡಿ ತಿರುಗಿತೆಂದರೆ ಎಸ್.ಪಿ. ರಸ್ತೆಯ ಶನಿವಾರದ ಸಂಜೆಯೇ. ಹಳೆಯ ಕಂಪ್ಯೂಟರ್ ಇರುವವರೇ ಕೊಳ್ಳುವ ಅಗ್ಗದ ಕಾರ್ಡ್ ಹಳೆಯ ಕಂಪ್ಯೂಟರಿನಲ್ಲೇ ಸೋಲುವಂತೆ ಇರುವುದು ಎಂಥ ವಿಪರೀತ. ಇಂಟೆಲ್‌ನ ಆರ್ಕ್ ಬಿ580 ಬೆಲೆಗೆ 12 ಜಿಬಿ ಕೊಡುತ್ತದೆ, ಆದರೆ ಹಳೆಯ ಪ್ರೊಸೆಸರಿನ ಜೊತೆ ಹಾಕಿದರೆ ಅದರ ಡ್ರೈವರೇ ಭಟ್ಟರ ಕೆಲಸ ಹೆಚ್ಚಿಸುತ್ತದೆ. ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ತೆರೆದಿಡುವ ರಿಸೈಜಬಲ್ ಬಾರ್ ಇಲ್ಲದ ಬೋರ್ಡಿಗಂತೂ ಬೇಡವೇ ಬೇಡ. ಹೊಸದನ್ನೇ ಕೊಂಡು ಐದು ವರ್ಷ ಇಟ್ಟುಕೊಳ್ಳುವವರಿಗೆ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿಯಂಥದು ಸರಿ. 1080ಪಿ ಪರದೆ, ಬಿಗಿ ಕೈ, ಹಳೆಯ ಬೋರ್ಡ್ ಇರುವ ನಮಗೆ 2021ರ ಆರ್‌ಎಕ್ಸ್ 6600 ಸೆಕೆಂಡ್ ಹ್ಯಾಂಡ್ ಒಪ್ಪಿತು: 8 ಜಿಬಿ, ಎಂಟು ಓಣಿ, 132 ವ್ಯಾಟ್, ರೇ ಟ್ರೇಸಿಂಗಿನ ಬಾಗಿಲು ದಾಟುವಷ್ಟು ಹಾರ್ಡ್‌ವೇರ್.

ಸೆಕೆಂಡ್ ಹ್ಯಾಂಡ್ ಎಂದರೆ ಮೈನಿಂಗ್ ಭಯ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ವಿಧಾನ ಬದಲಿಸಿ, ಕಾರ್ಡ್ ಇಟ್ಟುಕೊಂಡು ಅದನ್ನು ಗಣಿ ತೋಡುವುದೇ ನಿಂತ ಮೇಲೆ ಮೂಟೆಗಟ್ಟಲೆ ಕಾರ್ಡು ಮಾರುಕಟ್ಟೆಗೆ ಬಂದದ್ದು ನಿಜ. ಹಗಲಿರುಳು ದುಡಿದ ಕಾರ್ಡ್ ಸತ್ತೇ ಹೋಗುತ್ತದೆ ಎಂದೇನೂ ಇಲ್ಲ, ಹೆಚ್ಚಾಗಿ ಸವೆಯುವುದು ಫ್ಯಾನ್ ಮತ್ತು ಥರ್ಮಲ್ ಪ್ಯಾಡ್. ನನಗೆ ಅದಕ್ಕಿಂತ ಹೆದರಿಕೆ ವೇಷಧಾರಿಗಳದು. ಆರ್‌ಎಕ್ಸ್ 580 ಎಂದು ಅಗ್ಗಕ್ಕೆ ಸಿಗುವ ಕೆಲವು "2048ಎಸ್‌ಪಿ" ಕಾರ್ಡುಗಳು ಒಳಗೆ 570ರ ಮಟ್ಟದವು. ಹತ್ತು ಹದಿನೈದು ವರ್ಷದ ಚಿಪ್ಪಿಗೆ ಸುಳ್ಳು ಬಯೋಸ್ ಬರೆದು 1050 ಟಿಐ ಎಂದು ಮಾರುವವರೂ ಇದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ವೇಷಗಳನ್ನು ಹಿಡಿದು ಹೆಸರಿನ ಮುಂದೆಯೇ ನಕಲಿ ಎಂದು ತೋರಿಸುತ್ತದೆ. ಕಾರ್ಡ್ ಕೊಳ್ಳಲು ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಮಹಡಿ ಮೇಲಿನ ಒಂದು ಪುಟ್ಟ ಅಂಗಡಿಯಲ್ಲಿ ಕಾರ್ಡ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ ತೋರಿಸಿ ಎಂದೆ. ಅಂಗಡಿಯವನು ಮುಖ ಸಿಂಡರಿಸಿ, "ಸಾರ್, ಎಲ್ಲ ಟೆಸ್ಟ್ ಮಾಡೇ ಇಟ್ಟಿರೋದು" ಎಂದ. ಮುಂದಿನ ಅಂಗಡಿಯವನು ಚಹಾ ತರಿಸಿ ಓಡಿಸಿ ತೋರಿಸಿದ. ಅಲ್ಲೇ ಕೊಂಡೆವು, ಬಿಲ್ ಹಾಕಿಸಿಕೊಂಡೇ. ಕಂಪನಿ ವಾರಂಟಿ ಇನ್ನೂ ಕೆಲವು ತಿಂಗಳು ಉಳಿದಿತ್ತು.

ಕಾರ್ಡ್ ಕೈಗೆ ಬಂದ ಮೇಲೆ ಸನ್ಯಾಸಿಯ ಕಥೆ ಶುರುವಾಯಿತು. ಲಂಗೋಟಿಯನ್ನು ಇಲಿ ಕಡಿಯುತ್ತದೆಂದು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವಿನ ಮೇವಿಗೆ ಹೊಲ, ಹೊಲ ನೋಡಿಕೊಳ್ಳಲು ಹೆಂಡತಿ. ಗೇಮಿಂಗ್ ಕಂಪ್ಯೂಟರಿನಲ್ಲಿ ಆ ಬೆಕ್ಕಿನ ಹೆಸರು ಎಸ್‌ಎಂಪಿಎಸ್. ಒಂದು ಫ್ರೇಮನ್ನೂ ಹೆಚ್ಚಿಸದ ಈ ಡಬ್ಬಿಗೆ ದುಡ್ಡು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಬ್ರೆಡ್ಡಿನಷ್ಟು ಹಗುರ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ 450. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟಿಗೆ 18 ಆಂಪಿಯರ್. ಗುಣಿಸಿದರೆ 216 ವ್ಯಾಟ್. ಕಾರ್ಡೂ ಪ್ರೊಸೆಸರೂ ಉಣ್ಣುವುದು ಈ 12 ವೋಲ್ಟನ್ನೇ. ಎರಡೂ ಸೇರಿ ಇನ್ನೂರು ದಾಟುವ ಕಡೆ ಇದು ಏಳು ವರ್ಷ ಹೇಗೆ ಎಳೆಯಿತೋ. 80 ಪ್ಲಸ್ ಪ್ರಮಾಣಪತ್ರದ, ಐದು ವರ್ಷ ವಾರಂಟಿಯ 550 ವ್ಯಾಟಿನದು ಹಾಕಿಸಿದೆವು. ಹಾಕಿಸಿದರೆ, ಕರೆಂಟ್ ಹೋದ ಕೂಡಲೇ ಮನೆಯ 600 ವಿಎ ಯುಪಿಎಸ್ ಕಿರುಚಿ ಕೈಬಿಟ್ಟಿತು. ಅಂಥ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್, ಮಾನಿಟರನ್ನೂ ಸೇರಿಸಿ. ಅಲ್ಲದೆ ಆ್ಯಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಅಗ್ಗದ ಯುಪಿಎಸ್‌ನ ಚೌಕದಲೆ ಎಷ್ಟೋ ಸಲ ಒಗ್ಗುವುದಿಲ್ಲ. ಹಸು ಬಂತಲ್ಲ ಎಂದುಕೊಂಡೆ. ಅಕ್ಕ, "ಕರೆಂಟ್ ಹೋದ್ರೆ ಆಟ ನಿಲ್ಲಲಿ ಬಿಡು, ಓದ್ಕೊಳ್ಳಲಿ" ಎಂದು ಸರಪಳಿಯನ್ನು ಅಲ್ಲಿಗೆ ಕತ್ತರಿಸಿದಳು.

ಮಾನಿಟರನ್ನು ಮರೆತೇ ಲೆಕ್ಕ ಹಾಕುವವರು ಹೆಚ್ಚು. 60 ಹರ್ಟ್ಸಿನ ಪರದೆ ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಚಿತ್ರ ಬದಲಿಸದು. ಒಳಗೆ 140 ಫ್ರೇಮ್ ತಯಾರಾದರೂ ಮಿಕ್ಕದ್ದು ಮೋರಿಗೆ. ಗುಂಡಿನಾಟ ಆಡುವವರಿಗೆ ಕೈ ಸ್ಪಂದನೆಯಲ್ಲಿ ಸ್ವಲ್ಪ ಲಾಭವಿದೆ, ಇಲ್ಲವೆನ್ನಲಾರೆ. ಆದರೆ ಕಥೆಯಾಟ ಆಡುವವನಿಗೆ 60 ಸಾಕೆನಿಸಿದರೆ ಅವನಿಗೆ ಬೇಕಾದ ಕಾರ್ಡ್ ತುಂಬಾ ಚಿಕ್ಕದು. ಇನ್ನೊಂದು ಕಡೆ, 144 ಹರ್ಟ್ಸಿನ ಮಾನಿಟರ್ ತಂದು ವಿಂಡೋಸ್ ಸೆಟ್ಟಿಂಗಿನಲ್ಲಿ 60ರಲ್ಲೇ ಬಿಟ್ಟು ವರ್ಷಗಟ್ಟಲೆ ಆಡಿದವರನ್ನೂ ನೋಡಿದ್ದೇನೆ.

"ಇಷ್ಟೆಲ್ಲ ಬದಲಿಸುವ ಬದಲು ಹೊಸದನ್ನೇ ಕಟ್ಟಬಾರದೇ?" ಎಂದು ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ತೆಗೆಯಬೇಕಾದ ಸ್ಥಿತಿ ಬಂದರೆ ಅದು ರಿಪೇರಿಯಲ್ಲ, ಹೊಸ ಮನೆ. ಗೆಳೆಯನ ಐ5ರದು ಅದೇ ಸ್ಥಿತಿ. ಮೊದಲಾಗಿದ್ದರೆ ಕಟ್ಟು ಎನ್ನುತ್ತಿದ್ದೆ. ಆದರೆ ಎಎಂಡಿಯ ಎಎಂ5 ಸಾಕೆಟ್ಟಿಗೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ಆ 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿಗೆ ಸಿಕ್ಕಿ ರ‍್ಯಾಮ್ ಬೆಲೆ ದುಪ್ಪಟ್ಟಿನ ಆಸುಪಾಸಿಗೆ ಹಾರಿತು, ಹಳೆಯ ಡಿಡಿಆರ್4 ಕೂಡ. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಅಂಥ ಹೊತ್ತಿನಲ್ಲಿ ಇದ್ದ ರ‍್ಯಾಮನ್ನು ಉಳಿಸಿಕೊಳ್ಳುವ ದಾರಿ ಯಾವುದಿದೆಯೋ ಅದಕ್ಕೆ ನನ್ನ ಮತ. ನಾವು ಅಕ್ಟೋಬರಿನಲ್ಲೇ ಆ ಇನ್ನೊಂದು 8 ಜಿಬಿ ಕೊಂಡದ್ದು ಜಾಣತನವಲ್ಲ, ಅದೃಷ್ಟ. ಒಟ್ಟು ಖರ್ಚು ಮೂವತ್ತು ಸಾವಿರದೊಳಗೆ ಮುಗಿಯಿತು. ಗೇಮಿಂಗ್ ಲ್ಯಾಪ್‌ಟಾಪ್ ಇರುವವರಿಗೆ ಈ ಯಾವ ಗೋಜೂ ಇಲ್ಲ. ಪ್ರೊಸೆಸರ್, ಕಾರ್ಡ್ ಬೆಸುಗೆಯಾಗಿರುತ್ತವೆ, ಬದಲಿಸಲು ಆಗುವುದು ಹೆಚ್ಚೆಂದರೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ.

ಹೊರಡುವ ದಿನ ಬಿಚ್ಚಿಟ್ಟ ಜಿಟಿಎಕ್ಸ್ 1060 ಮೇಜಿನ ಮೇಲಿತ್ತು. ಗೆಳೆಯನ 1050 ಟಿಐಗಿಂತ ಅದು ಎಷ್ಟೋ ಮೇಲು. ವಿಂಡೋಸ್ 11 ಅವನ ಪ್ರೊಸೆಸರಿಗೆ ಬರದಿದ್ದರೂ, ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಸಿಗುವಂತೆ ನೋಂದಾಯಿಸಿಕೊಟ್ಟಿದ್ದೆ. ಅಲ್ಲಿಯವರೆಗೆ ಜಿಟಿಎ 5 ಆಡಿಕೊಂಡಿರಲಿ ಎಂದು ಕಾರ್ಡನ್ನು ಅವನಿಗೇ ಕೊಡಿಸಿದೆ. ಹುಡುಗ ಖುಷಿಯಿಂದ ಕ್ಯಾಬಿನೆಟ್ ತೆರೆದು ಹಾಕಿಯೂ ಆಯಿತು. ಆಮೇಲೆ ತಲೆ ಒಳಗಿಟ್ಟು ಏನನ್ನೋ ತಡಕಾಡುತ್ತಾ ಕೇಳಿದ: "ಅಂಕಲ್, ಇದಕ್ಕೆ ಆರು ಪಿನ್ನಿನ ವೈರ್ ಬೇಕಲ್ವಾ? ನನ್ನ ಎಸ್‌ಎಂಪಿಎಸ್‌ನಲ್ಲಿ ಇಲ್ವಲ್ಲ."

"ತಡಿ, ನಮ್ ಹಳೇದು ಇದೆ" ಎಂದು ಅಕ್ಕನ ಮಗ ಅಟ್ಟದ ಕಡೆ ಓಡಿದ. ನಾನು ಆ ಬ್ರೆಡ್ಡಿನಷ್ಟು ಹಗುರದ ಡಬ್ಬಿಯನ್ನು ಬೆಳಿಗ್ಗೆಯೇ ಕಾರಿನ ಡಿಕ್ಕಿಗೆ ಹಾಕಿ ಬೀಗ ಹಾಕಿದ್ದೆ.